ಇದಾ, ಕೇಳ್ತಾ?

ಪ್ರಜ್ಞೆ ತಪ್ಪಿದವರನ್ನು ಹತ್ತಿರ ಕುಳಿತು ಕರೆಯುವುದು ನಮ್ಮ ಮನೆಗಳ ಹಳೆಯ ರೂಢಿ. ವೈದ್ಯರು ಅದನ್ನೇ ಒಂದು ಕ್ರಮಕ್ಕೆ ತಂದು ಸಂವೇದನಾ ಪ್ರಚೋದನೆ ಎನ್ನುತ್ತಾರೆ. ದನಿ, ಸ್ಪರ್ಶ, ವಾಸನೆ, ನೋಟಗಳ ಮೂಲಕ ಮಿದುಳಿನ ಬಾಗಿಲು ತಟ್ಟುವ ಕೆಲಸ ಅದು.

ಕಂಗಿಗೆ ಮದ್ದು ಬಿಡುವಾಗ ನನ್ನ ಭಾವ ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಮಂಗಳೂರಿನಲ್ಲಿ ಮಲಗಿದ್ದರು. ಕೆಲವು ವಾರಗಳಲ್ಲಿ ಕಣ್ಣೇನೋ ತೆರೆಯಿತು, ನೋಟ ಮಾತ್ರ ಎಲ್ಲಿಯೂ ನಿಲ್ಲಲಿಲ್ಲ. ಎಚ್ಚರ ಬೇರೆ, ಅರಿವು ಬೇರೆ ಎಂದು ನಮಗೆ ತಿಳಿದದ್ದು ಆಗಲೇ. ನೋಡಬಂದ ನೆಂಟರೆಲ್ಲ ಸುತ್ತ ನಿಂತು "ಗುರ್ತ ಸಿಕ್ಕಿತಾ?" ಎಂದು ಒಟ್ಟಿಗೇ ಕೇಳುವರು. ಅದು ಪ್ರಚೋದನೆಯಲ್ಲ, ಸಂತೆ. ಸದ್ದು ಅಡಗಿಸಿ, ಒಬ್ಬರೇ ಕುಳಿತು, ಒಂದು ಸಲಕ್ಕೆ ಒಂದೇ ಮಾತು ಆಡಿ, ಉತ್ತರಕ್ಕೆ ಕಾಯಬೇಕು. ಗಾಯಗೊಂಡ ಮಿದುಳು ನಿಧಾನ, ಬೇಗ ದಣಿಯುತ್ತದೆ.

"ಕಣ್ಣ್ ತುರಕ್ಕೂ" ಎಂದು ದಿನಾ ಕರೆಯುತ್ತಿದ್ದ ಮಲೆಯಾಳಿ ದಾದಿ ಒಮ್ಮೆ ಅಕ್ಕನನ್ನು ಕೇಳಿದಳು: "ಮನೆಯಲ್ಲಿ ಇವರನ್ನು ಏನೆಂದು ಕರೆಯುತ್ತೀರಿ ಚೇಚಿ?" ಅಕ್ಕ ಗಂಡನ ಹೆಸರು ಹಿಡಿದವಳೇ ಅಲ್ಲ, "ಇದಾ" ಎನ್ನುವುದೇ ಅವಳ ಕರೆ. ಅದನ್ನೇ ಕರೆಯಿರಿ ಎಂದಳು ದಾದಿ. ಭಾಷೆ ಬಾರದ ಆ ಹುಡುಗಿಗೆ ಹೊಳೆದದ್ದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಅಮೆರಿಕದ ಥೆರೆಸಾ ಪೇಪ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮನೆಯವರ ದನಿಯಲ್ಲಿ ಹಳೆಯ ಪ್ರಸಂಗಗಳನ್ನು ಮುದ್ರಿಸಿ 6 ವಾರ ಕೇಳಿಸಿದರು. ಬರಿಯ ಮೌನ ಕೇಳಿದವರಿಗಿಂತ ಇವರ ಸ್ಪಂದನ ಹೆಚ್ಚಿತು. ಆದರೆ ಇದ್ದ ರೋಗಿಗಳು 15 ಮಂದಿ ಮಾತ್ರ. ಇದನ್ನು ಮದ್ದೆಂದು ಮಾರುವವರನ್ನು ನಂಬಬಾರದು. ಹಾಗೆಂದು ಸುಮ್ಮನಿರುವುದೂ ಸಲ್ಲ. 2006ರಲ್ಲಿ ಏಡ್ರಿಯನ್ ಓವನ್ ತಂಡದವರು ಅರಿವಿಲ್ಲವೆಂದು ಭಾವಿಸಲಾಗಿದ್ದ ಹೆಂಗಸಿಗೆ ಟೆನಿಸ್ ಆಡುವುದನ್ನು ಊಹಿಸಿಕೊಳ್ಳಲು ಹೇಳಿದಾಗ, ಆರೋಗ್ಯವಂತರಲ್ಲಿ ಕಾಣುವಂತೆಯೇ ಅವಳ ಮಿದುಳು ಚುರುಕಾದುದು ಯಂತ್ರದಲ್ಲಿ ಕಂಡಿತ್ತು. ಮಂಚದ ಬಳಿ ನಿಂತು "ಇನ್ನೇನುಂಟು ಇವನಲ್ಲಿ" ಎನ್ನುವ ಮೊದಲು ಇದನ್ನು ನೆನೆಯಬೇಕು.

ದಾದಿ ಕನ್ನಡಿಯನ್ನೂ ತರಿಸಿದಳು. ಬೆರಳಿಗೆ ಹೊರಳದ ಕಣ್ಣು ಸ್ವಂತ ಮುಖದ ಹಿಂದೆ ಹೊರಳುವುದುಂಟಂತೆ. ಅಕ್ಕ ಹಲಸಿನ ಹಣ್ಣಿನ ತೊಳೆಯನ್ನು ಮೂಗಿನ ಬಳಿ ಹಿಡಿಯುವಳು. ಬಾಯಿಗೆ ಹಾಕುವಂತಿರಲಿಲ್ಲ, ನುಂಗಲಾರದವರಿಗೆ ಅದು ಶ್ವಾಸಕೋಶಕ್ಕೆ ಇಳಿದೀತು.

ಮೂರನೆಯ ತಿಂಗಳಲ್ಲಿ ಭಾವನ ಕಣ್ಣು ಕನ್ನಡಿಯ ಜೊತೆ ಸರಿಯಿತು, ಆಮೇಲೆ "ಇದಾ" ಎಂದ ದಿಕ್ಕಿಗೆ. ಕರೆದದ್ದರಿಂದಲೋ, ಮಿದುಳು ತಾನಾಗಿ ಮಾಗಿದ್ದರಿಂದಲೋ ಹೇಳಬರುವುದಿಲ್ಲ. ಮಾತು ಇಂದಿಗೂ ಪೂರ್ತಿ ಬಂದಿಲ್ಲ. ಮಳೆಗಾಲದಲ್ಲಿ ತೋಟದತ್ತ ಬೆರಳು ಮಾಡಿ, ಮದ್ದು ಬಿಟ್ಟಾಯಿತೇ ಎಂಬಂತೆ ಹುಬ್ಬೇರಿಸುತ್ತಾರೆ.