ಎಣಗಾಯಿಯೊಳಗಿನ ಅಮೆರಿಕ

ಬನಹಟ್ಟಿಯಲ್ಲಿ ಪುಸ್ತಕ ಓದುವವರ ಗುಂಪು ಕಟ್ಟಬೇಕೆಂದರೆ ಮೊದಲು ಗದ್ದಲವಿಲ್ಲದ ಹೊತ್ತು ಹುಡುಕಬೇಕು. ಕರೆಂಟು ಇರುವಷ್ಟು ಹೊತ್ತು ಪಾವರ್‌ಲೂಮುಗಳದೇ ಭಾಷಣ. ಹಾಗಾಗಿ ಮಗ್ಗಕ್ಕೆ ಸೂಟಿ ಇರುವ ದಿನ ನೇಕಾರ ಕಾಕಾರ ಮಾಳಿಗೆ ಮೇಲೆ ಸೇರುತ್ತೇವೆ. ಜಮಖಂಡಿಯಿಂದ ನಿವೃತ್ತ ಮಾಸ್ತರರು, ಮುಧೋಳದ ಕಡೆಯಿಂದ ಕಬ್ಬು ಬೆಳೆಯುವ ಮಾಮಾ, ಬೀಳಗಿಯಿಂದ ಅಂಗನವಾಡಿಯ ಅಕ್ಕಾರು. ಕಾದಂಬರಿ ಓದಿ ಓದಿ ಸಾಕಾಗಿ ಮಾಸ್ತರರೇ ಒಂದು ದಿನ ಅಂದರು: 'ಈ ಸಲ ವಿಜ್ಞಾನದ್ದೊಂದು ತಗೊಳ್ಳೋಣ್ರಿ.' ಆರಿಸುವ ಕೆಲಸ ನನ್ನ ತಲೆಗೆ ಬಂತು.

ನನಗೆ ಆಸೆ ಬ್ರಹ್ಮಾಂಡದ ಮೇಲೆ. ಕಪ್ಪು ಕುಳಿಗಳ ಬಗ್ಗೆ ಒಂದು ಅನುವಾದ ತಂದು ನಾಲ್ಕು ಪುಟ ಗಟ್ಟಿಯಾಗಿ ಓದಿದೆ. ಎರಡನೇ ಪುಟಕ್ಕೆ ಮಾಮಾ ಮೊಬೈಲು ತೆಗೆದರು. ಮುಗಿದ ಮೇಲೆ ಅಕ್ಕಾರು, 'ಛಲೋ ಐತ್ರಿ ಸರ' ಅಂದರು. ನಮ್ಮ ಕಡೆ ಹೀಗೆ ತಣ್ಣಗೆ 'ಛಲೋ ಐತಿ' ಅಂದರೆ ಆ ಸಂಗತಿ ಮತ್ತೆ ತೆಗೆಯಬೇಡ ಅಂತ ಅರ್ಥ.

ಮುಂದಿನ ಸಲ ಕಂಪ್ಯೂಟರಿನ ಚರಿತ್ರೆ. ಅದರಲ್ಲೊಂದು ಸಾಲು: 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಮಗ್ಗಕ್ಕೆ ತೂತಿನ ಕಾರ್ಡು ಜೋಡಿಸಿದ, ಮುಂದೆ ಬ್ಯಾಬೇಜ್ ಅದೇ ಕಾರ್ಡಿನ ವಿಚಾರವನ್ನು ಲೆಕ್ಕದ ಯಂತ್ರಕ್ಕೆ ಎರವಲು ಪಡೆದ. ಕಾಕಾ ತಡೆದರು. 'ಅಷ್ಟ ಏನ್ರಿ? ಇದನ್ನ ಬರದಾಂವ ಮಗ್ಗದ ಮುಂದ ಕುಂತಿಲ್ಲ ಬಿಡ್ರಿ.' ಕೆಳಗೆ ಹೋಗಿ ಹಳೆಯ ಜಕಾರ್ಡಿನ ರಟ್ಟಿನ ಪಟ್ಟಿಯೊಂದನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದರು. ತೂತುಗಳಿಂದ ಬಿಸಿಲು ಅಕ್ಕಾರ ಸೀರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು. 'ತೂತು ಇದ್ದಲ್ಲಿ ಸೂಜಿ ಒಳಗ ಹೋಗತೈತಿ, ಹಾಸಿನ ಎಳಿ ಮ್ಯಾಲ ಏಳತೈತಿ. ತೂತು ಇಲ್ಲದಲ್ಲಿ ಎಳಿ ಹಂಗ ಇರತೈತಿ. ಆಗ ಲಾಳಿ ಓಡತೈತಿ. ಒಂದು ಹೊಕ್ಕಿಗೆ ಒಂದು ಪಟ್ಟಿ.' ಎರಡು ನಿಮಿಷದಲ್ಲಿ ಮುಗಿಯಿತು, ಎಲ್ಲರಿಗೂ ತಿಳಿಯಿತು. ಪುಸ್ತಕವನ್ನು ಮಾತ್ರ ಯಾರೂ ಮತ್ತೆ ಕೇಳಲಿಲ್ಲ.

ಅವತ್ತು ಮನೆಗೆ ಬರುತ್ತ ನನಗೆ ಹೊಳೆಯಿತು: ತಿಳಿಸಿಕೊಡುವ ಪುಸ್ತಕ ಹುಡುಕುತ್ತಿದ್ದೆನಲ್ಲ, ಅದೇ ತಪ್ಪು. ಈ ಮಂದಿ ತಪ್ಪು ಹಿಡಿಯಲಿಕ್ಕೆ ಬರುವಂಥ ಪುಸ್ತಕ ಬೇಕು.

ಕಾರಂತರ 'ವಿಜ್ಞಾನ ಪ್ರಪಂಚ' ಮಾಸ್ತರರ ಕಪಾಟಿನಲ್ಲಿತ್ತು. ಒಬ್ಬನೇ ಮನುಷ್ಯ ನಾಲ್ಕು ಸಂಪುಟ ಬರೆದದ್ದು ನೆನೆದರೆ ಕೈ ಮುಗಿಯಬೇಕು; ಆದರೆ ಅದು ಬೇಕಾದಾಗ ತೆಗೆದು ನೋಡುವಂಥದ್ದು, ಗುಂಪಿಗಲ್ಲ. ತೇಜಸ್ವಿಯವರ 'ಕರ್ವಾಲೊ'ವನ್ನು ಎಲ್ಲರೂ ಓದಿ ಆಗಿತ್ತು. ಅದು ಕಾದಂಬರಿಯೋ ವಿಜ್ಞಾನವೋ ಎಂಬ ಜಗಳದಲ್ಲೇ ಒಂದು ಸಂಜೆ ಹೋಯಿತು, ಚಹಾ ಎರಡು ಸಲ ಆಯಿತು.

ಕೊನೆಗೆ ಸಿಕ್ಕಿದ್ದು ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಡಿವಿಜಿಯವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು, 'ಹಸುರು ಹೊನ್ನು'ವಿಗೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಎಂದೆಲ್ಲ ನಾನು ಪೀಠಿಕೆ ಹಾಕುತ್ತಿದ್ದೆ. ಕೇಳುವವರ ಕಣ್ಣೆಲ್ಲ ತಾಟಿನ ಮೇಲೆ. ಕಾಕೂ ಅಷ್ಟರಲ್ಲಿ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು ತಂದಿಟ್ಟಿದ್ದರು.

ತಾಟನ್ನೇ ಓದಲು ಶುರು ಮಾಡಿದೆವು. ಮೆಣಸಿನಕಾಯಿ ಅಮೆರಿಕದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಶೇಂಗಾ ದಕ್ಷಿಣ ಅಮೆರಿಕದ್ದು. ಗುರೆಳ್ಳು ಇಥಿಯೋಪಿಯದ್ದು. 'ಜ್ವಾಳ ಅರ ನಮ್ದ ಹೌದಲ್ಲೋ?' ಎಂದು ಮಾಸ್ತರರು ರೊಟ್ಟಿ ಮುರಿದರು. ಅದರ ಮೂಲವೂ ಆಫ್ರಿಕ ಎಂದೆ. ಮುರಿದ ತುಂಡು ಕೈಯಲ್ಲೇ ಉಳಿಯಿತು. ಸಾವಿರಾರು ವರ್ಷದ ಹಿಂದೆ ಬಂದದ್ದು ಎಂದು ಸಮಾಧಾನ ಹೇಳಿದರೂ ಕೇಳಲಿಲ್ಲ. ಮಾಮಾ ನಗುತ್ತಿದ್ದರು, ಕಬ್ಬಿನ ಬೇರು ನ್ಯೂಗಿನಿಯಲ್ಲಿದೆ ಎಂದಾಗ ನಗು ನಿಂತಿತು. 'ಸಕ್ಕರಿ ಹರಳು ಮಾಡೂದು ಜಗತ್ತಿಗೆ ಕಲಿಸಿದ್ದು ನಾವರಿ, ಶರ್ಕರಾ ಅನ್ನೋ ಮಾತ ಎಲ್ಲಾ ಕಡೆ ಹೋಗೇತಿ' ಎಂದು ಕಾಕಾ ಅವರನ್ನು ಉಳಿಸಿದರು. ತಾಟಿನಲ್ಲಿ ಗಟ್ಟಿಯಾಗಿ ನಿಂತದ್ದು ಬದನೆಯೊಂದೇ. ಅದರ ಹೊಟ್ಟೆಯಲ್ಲೂ ಶೇಂಗಾ, ಖಾರ.

ಇದ್ದ ಒಂದೇ ಪ್ರತಿಯನ್ನು ಅಕ್ಕಾರು ಬೀಳಗಿಗೆ ಒಯ್ದರು. ವಾರ ಕಳೆದು ಫೋನು ಬಂತು. 'ಸರ, ನಮ್ಮ ಅತ್ತಿಯವರು ಕೇಳಾಕತ್ತಾರ, ಹಂಗಾರ ಅದಕ್ಕಿಂತ ಮೊದಲ ಖಾರಕ್ಕ ಏನ್ ಹಾಕತಿದ್ರಂತ?'

ಕರಿಮೆಣಸು ಎಂದೆ, ಕಾಯಿ ಬರುವ ಮೊದಲು ಮೆಣಸು ಅಂದರೆ ಅದೇ, ಹೊಸ ಕಾಯಿಗೆ ಹೆಸರು ಕೊಟ್ಟದ್ದೂ ಅದೇ. ಆ ಕಡೆ ಅತ್ತೆಯವರಿಗೆ ಹೇಳುವುದು ಕೇಳಿಸಿತು. ಆಮೇಲೆ ಇನ್ನೊಂದು ದನಿ, ದೂರದಿಂದ: 'ಅಂವಗ ಕೇಳ, ಹಂಗಾರ ಹಿಂಡಿ ಹ್ಯಾಂಗ ಕೆಂಪಗ ಆಗತಿತ್ತು?'

ಪುಸ್ತಕ ಇನ್ನೂ ಬೀಳಗಿಯಲ್ಲೇ ಇದೆ.