ಜತ್ತಿಯವರ ಊರು ಸಾವಳಗಿ

ದಸರಾ ರಜೆಯಲ್ಲಿ ಅಜ್ಜ, ಅಮ್ಮ ಮತ್ತು ನಾನು ಮಂಗಳೂರಿನಿಂದ ಬಸ್ಸಿನಲ್ಲಿ ಜಮಖಂಡಿಯ ಮಾವನ ಮನೆಗೆ ಹೋದೆವು. ಮರುದಿನ ಮಾವ ನಮ್ಮನ್ನು ಸಾವಳಗಿಗೆ ಕರಕೊಂಡು ಹೋದರು. ಅದು ಬಿ. ಡಿ. ಜತ್ತಿಯವರು 1912ರಲ್ಲಿ ಹುಟ್ಟಿದ ಊರು. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ, ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು.

ದಾರಿಯಲ್ಲಿ ಕೃಷ್ಣಾ ನದಿ ದಾಟಿದೆವು. ನಮ್ಮಲ್ಲಿಯ ಹಾಗೆ ಗುಡ್ಡ, ತೆಂಗಿನ ತೋಟ ಇಲ್ಲ. ಕಣ್ಣು ಹೋದಷ್ಟು ದೂರ ಕಪ್ಪು ಎರೆಮಣ್ಣು, ಕಬ್ಬು, ಆಗಷ್ಟೇ ಮೊಳೆತ ಜೋಳ. ಊರಿನ ಒಬ್ಬರು ಅಜ್ಜಿ, "ಮಂಗಳೂರಿಂದ ಬಂದೀರೇನ? ರೊಟ್ಟಿ ತಿಂದು ಹೋಗ್ರಿ" ಎಂದು ಕರೆದರು. ನಮಗೆ ಬಹಳ ಖುಷಿಯಾಯಿತು.

ಹೊಲದ ಬದಿಯಲ್ಲಿ ನಿಂತು ಅಜ್ಜ ಹೇಳಿದರು: "ನನ್ನ ಅಪ್ಪ ಗೇಣಿ ಒಕ್ಕಲು. ಧಣಿಗಳಿಗೆ ಗೇಣಿ ಅಳೆದು ಕೊಟ್ಟು ಉಳಿದರೆ ನಮಗೆ ಗಂಜಿ. ಜತ್ತಿಯವರ ಸಮಿತಿ ವರದಿ ಕೊಟ್ಟಿತು, 1961ರ ಭೂಸುಧಾರಣಾ ಕಾಯ್ದೆ ಬಂತು. 1974ರಲ್ಲಿ ದೇವರಾಜ ಅರಸರು ಅದನ್ನು ಗಟ್ಟಿ ಮಾಡಿದರು. ಆಮೇಲೆ ಡಿಕ್ಲರೇಶನ್ ಕೊಟ್ಟು ಗದ್ದೆ ನಮ್ಮದಾಯಿತು."

ಈಗ ಮಂಗಳೂರು ಪೇಟೆ ನಮ್ಮ ಗದ್ದೆಯ ಹತ್ತಿರವೇ ಬಂದಿದೆ. ಮಾರಿದರೆ ಸಾಲ ತೀರುತ್ತದೆ ಎಂದು ಅಪ್ಪ ಹೇಳುತ್ತಾರೆ. ಅಜ್ಜ ಮಾತಾಡುವುದಿಲ್ಲ. ಯಾರು ಸರಿ ಎಂದು ನನಗೆ ಗೊತ್ತಾಗುವುದಿಲ್ಲ. ಆದರೆ 'ಉಳುವವನೇ ಹೊಲದೊಡೆಯ' ಎಂಬುದು ಬರೀ ಪಾಠದ ಸಾಲಲ್ಲ, ನಮ್ಮ ಬಟ್ಟಲಿನ ಅನ್ನ ಎಂದು ಸಾವಳಗಿಯಲ್ಲಿ ತಿಳಿಯಿತು.

ಗೆಳೆಯರೇ, ನಿಮ್ಮ ಗದ್ದೆ ನಿಮ್ಮದಾದದ್ದು ಹೇಗೆಂದು ಮನೆಯ ಹಿರಿಯರಲ್ಲಿ ಒಮ್ಮೆ ಕೇಳಿ.