ಶೆಡ್ಡಿನೊಳಗಿನ ರೈಲುಹಾದಿ

ಇಂಗ್ಲೆಂಡಿನ ಮನೆಗಳ ಹಿತ್ತಲಿನಲ್ಲಿ ಗುದ್ದಲಿ, ಸೈಕಲ್ಲು, ಹಳೆಯ ಸಾಮಾನುಗಳನ್ನಿಡಲು ಮರದ ಶೆಡ್ಡೊಂದು ಇರುವುದು ವಾಡಿಕೆ. ಅದನ್ನು ಬರಿದು ಮಾಡಿ, ಅದರೊಳಗೆ ರೈಲುಹಾದಿಯನ್ನೇ ಕಿರಿದಾಗಿ ಕಟ್ಟುವ ಹವ್ಯಾಸಿಗಳು ಆ ನಾಡಿನಲ್ಲಿ ಬಹುಮಂದಿ. ಇದನ್ನು ಮಕ್ಕಳಾಟವೆಂದು ನಕ್ಕುಬಿಡುವವರುಂಟು. ಆದರೆ ಇದರ ಹಿಂದಿನ ಲೆಕ್ಕಾಚಾರವನ್ನೂ ತಾಳ್ಮೆಯನ್ನೂ ಕಂಡವರಿಗೆ ನಗು ಬಾರದು.

ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಯಂತೆ ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್, ಎಂದರೆ ಸುಮಾರು 76ರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಒಂದು ಮೈಲಿ ಹಾದಿಗೆ 21 ಮೀಟರ್ ಸ್ಥಳ ಬೇಕು. 12 ಅಡಿ ಉದ್ದದ ಶೆಡ್ಡಿನಲ್ಲಿ ನಿಜದ 280 ಮೀಟರ್ ಮಾತ್ರ ಹಿಡಿಯುತ್ತದೆ. ಒಂದು ದೊಡ್ಡ ನಿಲ್ದಾಣಕ್ಕೂ ಅದು ಸಾಲದು. ಆದಕಾರಣ ಏನನ್ನು ಬಿಡಬೇಕೆಂಬ ವಿವೇಕವೇ ಇಲ್ಲಿ ಮೊದಲು ಬೇಕಾದದ್ದು. ತಿರುವುಗಳು ನಿಜಕ್ಕಿಂತ ಬಹಳ ಕಡಿದಾಗುವುದರಿಂದ ಅವುಗಳನ್ನು ಗುಡ್ಡದ ಹಿಂದೆಯೋ ಸೇತುವೆಯ ಮರೆಯಲ್ಲಿಯೋ ಅಡಗಿಸುತ್ತಾರೆ. ಹಾದಿಯ ಕೊನೆಯಲ್ಲಿ ನೋಡುವವರಿಗೆ ಕಾಣದಂತೆ ಒಂದಷ್ಟು ಹಳಿಗಳಿರುತ್ತವೆ. ಶೆಡ್ಡಿನಲ್ಲಿ ಹಿಡಿಯದೆ ಉಳಿದ ಇಡೀ ಲೋಕ ಅದೇ; ಗಾಡಿಗಳು ಬರುವುದು ಅಲ್ಲಿಂದ, ಹೋಗುವುದೂ ಅಲ್ಲಿಗೆ.

ಶೆಡ್ಡು ದಯೆಯುಳ್ಳ ಸ್ಥಳವೇನಲ್ಲ. ಚಳಿಗೂ ಬೇಸಿಗೆಗೂ ನಡುವೆ 30 ಡಿಗ್ರಿ ಅಂತರವಾದರೆ 4 ಮೀಟರ್ ಹಳಿ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಕೀಲುಗಳಲ್ಲಿ ಎಡೆ ಬಿಡದಿದ್ದರೆ ಹಳಿ ಹಾವಿನಂತೆ ಸೊಟ್ಟಗಾಗುತ್ತದೆ. ಹಳಿಗಿಂತ ಅದರ ಕೆಳಗಿನ ಮರದ ಕಾಟ ಹೆಚ್ಚು; ತೇವ ಹೀರಿ ಉಬ್ಬುವುದು, ಒಣಗಿ ಬಾಗುವುದು ಅದರ ಸ್ವಭಾವ. ಆದುದರಿಂದ ಬಲ್ಲವರು ಮೊದಲು ಛಾವಣಿ, ಗೋಡೆ, ನೆಲಗಳನ್ನು ತೇವ ತಾಪಗಳಿಂದ ಕಾಪಾಡಿ, ಆಮೇಲೆ ಹಳಿಯ ಮಾತಾಡುತ್ತಾರೆ. ಹಾದಿಯು ಕೊಠಡಿಯನ್ನು ಸುತ್ತುವುದಾದರೆ ಬಾಗಿಲಿನ ಬಳಿ ಎತ್ತಿಡಬಹುದಾದ ಸೇತುವೆ ಬೇಕು. ಹಲಗೆಯ ಅಗಲ ಚಾಚಿದ ಕೈಗೆ ಎಟಕುವಷ್ಟಿರಬೇಕು. ಏಕೆಂದರೆ ಗಾಡಿ ಹಳಿ ತಪ್ಪುವುದು ಯಾವಾಗಲೂ ಕೈಗೆಟುಕದ ಮೂಲೆಯಲ್ಲಿಯೇ!

ಇನ್ನು ವಿಸ್ತರಣೆಯ ಮಾತು. ಹೊರಗಿನವರು ಇದನ್ನು ಗೋಡೆಗೆ ಇನ್ನೊಂದು ಸಾಲು ಇಟ್ಟಿಗೆ ಸೇರಿಸಿದಂತೆ ಎಂದು ಭಾವಿಸುತ್ತಾರೆ. ವಾಸ್ತವ ಬೇರೆ. ಕೊನೆಯ ನಿಲ್ದಾಣವನ್ನು ನಡುವಿನ ನಿಲ್ದಾಣವಾಗಿಸಬೇಕಾದರೆ ಹಳಿಗೆ ಕಟ್ಟಿದ ತಡೆಯನ್ನು ಕೀಳಬೇಕು, ತಿರುವನ್ನು ಬದಲಿಸಬೇಕು, ಸಿಗ್ನಲ್ಲುಗಳನ್ನೂ ಮೇಜಿನಡಿಯ ತಂತಿಗಳನ್ನೂ ಹೊಸದಾಗಿ ಜೋಡಿಸಬೇಕು. ಚೆನ್ನಾಗಿಯೇ ಮಾಡಿದ್ದನ್ನು ತನ್ನ ಕೈಯಿಂದಲೇ ಕೆಡವುವ ಧೈರ್ಯವಿಲ್ಲದವನಿಗೆ ವಿಸ್ತರಣೆ ಸಾಧ್ಯವಿಲ್ಲ.

ಈ ಧೈರ್ಯ ಸಂಪೂರ್ಣವಾಗಿ ಇದ್ದವರು ಆಂಗ್ಲಿಕನ್ ಚರ್ಚಿನ ಪಾದ್ರಿ ಪೀಟರ್ ಡೆನ್ನಿ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅವರು ಬಕಿಂಗ್‌ಹ್ಯಾಮ್ ಎಂಬ ನಿಜವಾದ ಊರಿಗೆ ಗ್ರೇಟ್ ಸೆಂಟ್ರಲ್ ರೈಲ್ವೆಯ ಕಲ್ಪಿತ ಶಾಖೆಯೊಂದನ್ನು ಕಟ್ಟತೊಡಗಿದರು. ಕಾಲ, 1907. ಸಾಮಾನ್ಯ ಹವ್ಯಾಸಿಗಳ ಹಳಿಯ ಅಂತರ 16.5 ಮಿಲಿಮೀಟರ್, ಈ ಅಳತೆಗೆ ಅದು ತೀರ ಕಿರಿದು. ಅವರು 18 ಮಿಲಿಮೀಟರ್ ಆರಿಸಿಕೊಂಡರು. ಅದಕ್ಕೆ ಸಿದ್ಧವಸ್ತುಗಳು ಸಿಗುವುದು ದುರ್ಲಭವಾದ್ದರಿಂದ ಹೆಚ್ಚಿನದನ್ನು ಕೈಯಿಂದಲೇ ಮಾಡಬೇಕಾಯಿತು. ಬಕಿಂಗ್‌ಹ್ಯಾಮ್ ನಿಲ್ದಾಣವನ್ನು ಅವರು ಒಮ್ಮೆಯಲ್ಲ, ಮತ್ತೆ ಮತ್ತೆ ಕಟ್ಟಿದರು. ಮುಂದೆ ಗ್ರ್ಯಾಂಡ್‌ಬರೋ, ಲೇಟನ್ ಬಝಾರ್ಡ್‌ಗಳೂ ಸೇರಿದವು.

ಡೆನ್ನಿಯವರಿಗೆ ನೋಟಕ್ಕಿಂತ ಓಟ ಮುಖ್ಯವಾಗಿತ್ತು. ಅವರ ಗಾಡಿಗಳು ವೇಳಾಪಟ್ಟಿಯಂತೆ ನಡೆಯುತ್ತಿದ್ದವು. ಬ್ರಿಟಿಷ್ ರೈಲ್ವೆಗಳಲ್ಲಿ ಒಂದು ನಿಲ್ದಾಣ ಇನ್ನೊಂದರೊಡನೆ ಗಂಟೆಯ ಮೂಲಕ ಮಾತಾಡುತ್ತಿತ್ತು: ಒಂದು ಹೊಡೆತಕ್ಕೆ 'ಗಮನಿಸು', ನಾಲ್ಕಕ್ಕೆ 'ಎಕ್ಸ್‌ಪ್ರೆಸ್ ಗಾಡಿಗೆ ದಾರಿ ತೆರವಿದೆಯೇ', ಎರಡಕ್ಕೆ 'ಗಾಡಿ ಹೊರಟಿತು'. ಈ ಕ್ರಮವನ್ನೇ ಅವರು ಮನೆಯೊಳಗೆ ತಂದರು. ಮಗ ಕ್ರಿಸ್ಪಿನ್ ಸಹಾಯಕ್ಕಿದ್ದ. ಆದರೆ ಮಕ್ಕಳು ಎಂದಿಗೂ ತಂದೆಯ ಪಕ್ಕದಲ್ಲೇ ನಿಂತಿರಲಾರರಷ್ಟೆ. ಮಗನ ಕೆಲಸವನ್ನು ಮಾಡಲು ತಂದೆ ಒಂದು ಯಂತ್ರವನ್ನು ಕಟ್ಟಿ ಅದಕ್ಕೆ 'ಆಟೋಮ್ಯಾಟಿಕ್ ಕ್ರಿಸ್ಪಿನ್' ಎಂದು ಹೆಸರಿಟ್ಟರು. ಹೆಸರಿನಲ್ಲಿ ವಿನೋದವುಂಟು; ಕೊಂಚ ಒಂಟಿತನವೂ ಇದ್ದೀತು.

ಕಟ್ಟಿದವನ ಅನಂತರ ಇವು ಏನಾಗುತ್ತವೆ? ಅಮೆರಿಕದ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಛಾಯಾಗ್ರಾಹಕ ಜಾನ್ ಆಲೆನ್ ತಮ್ಮ ಮನೆಯ ನೆಲಮಾಳಿಗೆಯಲ್ಲಿ 'ಗೋರಿ ಅಂಡ್ ಡಿಫೀಟೆಡ್' ಎಂಬ ಹಾದಿಯನ್ನು ಸುಮಾರು ಇಪ್ಪತ್ತು ವರ್ಷ ಕಟ್ಟಿದರು. ನೆಲದಿಂದ ಛಾವಣಿಯವರೆಗೆ ಪರ್ವತಗಳು, ದೂರ ತೋರಿಸಲು ಕನ್ನಡಿಗಳು. 1973ರ ಜನವರಿ 6ರಂದು ಅವರು ತೀರಿಕೊಂಡರು. ಹತ್ತೇ ದಿನಗಳಲ್ಲಿ ಬೆಂಕಿ ಬಿದ್ದು ಆ ಹಾದಿ ನಾಶವಾಯಿತು. ಉಳಿದದ್ದು ಅವರೇ ತೆಗೆದ ಚಿತ್ರಗಳು, ಅವರೊಡನೆ ಗಾಡಿ ನಡೆಸಿದ ಗೆಳೆಯರ ನೆನಪು.

ಡೆನ್ನಿಯವರ ಬಕಿಂಗ್‌ಹ್ಯಾಮಿಗೆ ಆ ಗತಿ ಬರಲಿಲ್ಲ. ಅವರ ತರುವಾಯ ಇನ್ನೊಬ್ಬ ಹವ್ಯಾಸಿ ಅದನ್ನು ವಹಿಸಿಕೊಂಡು, ದುರಸ್ತಿ ಮಾಡಿ, ಮತ್ತೆ ಓಡಿಸಿದರು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದು ಇದಕ್ಕಿಂತ ಸುಲಭವಿತ್ತು. ಓಡಿಸಬೇಕಾದರೆ ಒಂದೊಂದು ನಿಲ್ದಾಣಕ್ಕೆ ಒಬ್ಬೊಬ್ಬರು ನಿಂತು, ವೇಳಾಪಟ್ಟಿಯನ್ನು ಕಲಿತು, ಆಚೆಯ ಗಂಟೆಗೆ ಕಿವಿಗೊಟ್ಟು ಉತ್ತರ ಕೊಡಬೇಕಾಗುತ್ತದೆ.